ಬಾಡಿಗಿ ಮನಿ ಮಣ್ಣು

ಮನಿ ಬಿಡ್ರಿ ಅಂದ್ರಿ, ಬಿಟ್ಟೇವ್ರಿ ಚನ್ನವೀರಪ್ಪನವರ.
ಫ್ಯಾನು ಬಿಚ್ಚಿದ್ವಿ, ಮೊಳಿಯ ತೂತಿಗೆ ಸಾಬೂನು ಮೆತ್ತಿದ್ವಿ,
ಕರೆಂಟು ಬಿಲ್ಲು ಕಟ್ಟಿದ ಚೀಟಿ ಕಿಡಕ್ಯಾಗ ಐತಿ.
ಮಣ್ಣು ಮಾತ್ರ ನಾ ಒಯ್ತೇನಿ.

ನಗಬ್ಯಾಡ್ರಿ. ಫಕ್ಕೀರೇಶನೂ ನಕ್ಕ,
‘ಅಕ್ಕಾರ, ಮನಿ ಸಾಮಾನು ಅಂದಿದ್ರಿ’ ಅಂತ
ಟೆಂಪೋದ ಹಿಂದಿನ ಫಳಿ ಇಳಿಸಿ
ಸಿಮೆಂಟಿನ ಚೀಲ ಹತ್ತೊಂಬತ್ತು ಎಣಿಸಿ
ಮ್ಯಾಲೆ ಮುನ್ನೂರು ಕೇಳಿದ.

ಮಣ್ಣು ನೆಲದ್ದು ಅಂತೀರಿ.
ನೆಲ ನಿಮ್ಮದ ಹೌದ್ರಿ, ಉತಾರಿನಾಗ ನಿಮ್ಮಪ್ಪನ ಹೆಸರೈತಿ.
ಮಣ್ಣು ಬ್ಯಾರೆ.
ನಾವು ಬಂದಾಗ ಈ ಹಿತ್ತಲದಾಗ ಏನಿತ್ತು?
ಇಟ್ಟಂಗಿ ಚೂರು, ಗಟ್ಟಿಯಾದ ಗಾರಿ, ಅರ್ಧ ಕಮೋಡು,
ಯಾರದೋ ಬಲಗಾಲಿನ ಚಪ್ಪಲಿ.
ಗುದ್ದಲಿ ಹಾಕಿದರ ಕಿಡಿ ಹಾರತಿತ್ತು.

ಚುರಮುರಿ ಭಟ್ಟಿಗೆ ಹೋಗುವಾಗ ಡಬ್ಬ್ಯಾಗ ರೊಟ್ಟಿ,
ಬರುವಾಗ ಬೂದಿ.
ಗೌಳೇರ ಯಮುನವ್ವನ ಸಗಣಿ,
ಕಬ್ಬಿನ ಹಾಲಿನ ಗಾಡಿಯವನು ಒಗೆದ ಸಿಪ್ಪಿ,
ಹುರುಳಿ ಕಟ್ಟಿನ ಗಸಿ, ನಮ್ಮವರ ಕ್ಷೌರದ ಕೂದಲಾ ಸೈತ.
ಓಣಿ ಮೂಗು ಮುಚ್ಚಿಕೊಂಡಿತು.
‘ಕಸದ ಗಾಡಿಗೆ ನಿನ್ನ ಹೆಸರು ಬರಸ್ತೀನಿ’ ಅಂದ್ರು ಮನಿಯವರು.

ಮೊದಲನೇ ವರ್ಷ ಮಿರಗಕ್ಕ ಬಿತ್ತಿದ ಪುಂಡಿ
ಆಶ್ಲೇಷಕ್ಕ ಎದ್ದಿತು, ಹಳದಿ,
ಕಾಮಣಿ ಆದ ಕೂಸಿನಂಗ.
ಎರಡನೇ ವರ್ಷ ಸೀಗಿ ಹುಣ್ಣಿವಿ ಮುಂದ
ಒಂದು ಎರೆಹುಳ ಕಂಡಿತ್ರಿ. ಒಂದ.
ಎಲ್ಲಿಂದ ಬಂತೋ, ಯಾರು ಹೇಳಿದ್ರೋ ಅದಕ್ಕ.
ಅದನ್ನ ನೋಡಿಕೋತ ಕುಂತು
ಅವತ್ತಿನ ಬ್ಯಾಳಿ ತಳ ಹತ್ತಿಸಿದೆ.

ಎಳ್ಳ ಅಮಾಸಿಗೆ ಹೊಲ ಇದ್ದವರು ಹೊಲಕ್ಕ ಹೋದ್ರು.
ನಾನು ಬಚ್ಚಲ ಹಿಂದ, ಮೆಂತ್ಯದ ಎರಡು ಸಾಲಿಗೆ
ಸಜ್ಜಿ ರೊಟ್ಟಿ ಮುರಿದು ಚರಗ ಚೆಲ್ಲಿದೆ.
ಹುಲ್ಲುಲ್ಲಿಗೋ ಅಂತ ಸಣ್ಣಗ ಕೂಗಿದರ
ಬಾಜೂ ಮನಿ ನಾಯಿ ಬೊಗಳಿತು.

ಹುಬ್ಬಳ್ಳಿ ಬ್ಯಾಸಗಿ ನಿಮಗೇನು ಹೇಳೂದು.
ಎಂಟು ದಿನಕ್ಕೊಮ್ಮೆ ನಳ, ಅದೂ ನಟ್ಟ ನಡುರಾತ್ರಿ.
ಅಕ್ಕಿ ತೊಳೆದ ನೀರು ಬದನಿಗೆ,
ತರಕಾರಿ ತೊಳೆದದ್ದು ಹತ್ತರಕಿಗೆ,
ಹುಡುಗ್ರು ಜಳಕ ಮಾಡಿದ್ದು ಬಾಳಿ ಬುಡಕ್ಕ.
ಖೈರುನಬಿಯ ಕಡೆ ಕುಡಿಯಾಕ ಅಂತ ಇಸಕೊಂಡ ಕೊಡದಾಗ
ಅರ್ಧ ಹೀರಿ ಬಳ್ಳಿಗೆ ಹಾಕಿದ್ದೂ ಐತಿ.
ಇವತ್ತು ನಿಮ್ಮ ಮುಂದ ಹೇಳತೇನಿ,
ಆಕಿ ಮುಂದ ಹೇಳಬ್ಯಾಡ್ರಿ.

ಆ ಹೀರಿಕಾಯಿ ನಿಮ್ಮ ಮನಿಗೂ ಬಂದಾವಲ್ಲರಿ,
ಬಾಡಿಗಿ ತಡ ಆದ ತಿಂಗಳು ಎರಡು ಹೆಚ್ಚಿಗಿ.
ಹೇನು ಹತ್ತೇತಿ ಅಂತ ನೀವು ಕೊಟ್ಟ ನೀಲಿ ಬಾಟ್ಲಿ
ಮಾಡದಾಗ ಹಂಗ ಐತಿ, ಮುಚ್ಚಳ ತಗದಿಲ್ಲ.
ಹುಳಿ ಮಜ್ಜಿಗಿ ಸಾಕಾತು.
ಸಾಲದಿದ್ದಾಗ ಹುಳಕ್ಕ ಅದರ ಪಾಲು ಬಿಟ್ಟೆ.

ಈಗ ನಿಮ್ಮದು ನಿಮಗ.
ಇಟ್ಟಂಗಿ ಚೂರು ಒಂದೂ ಹೊರಗ ಒಗೆದಿಲ್ಲ,
ಮಡಿಗೆ ಅಂಚು ಕಟ್ಟಿದ್ದೆ,
ಬಿಚ್ಚಿ ಮತ್ತ ಮೂಲಿಗೆ ಒಟ್ಟೇನಿ, ಗಾರಿಯೂ ಅಲ್ಲೇ.
ಎಣಿಸಿಕೊಳ್ರಿ.
ಚಪ್ಪಲಿ ಇಲ್ಲ, ನಾಯಿ ಒಯ್ತು.

ಕರಿಬೇವು ಬರವಲ್ಲದು.
ಬೇರು ನಿಮ್ಮ ಗ್ವಾಡಿ ದಾಟಿ
ಖೈರುನಬಿಯ ಬಚ್ಚಲ ತಳಕ್ಕ ಹೋಗಿ ಕುಂತೈತಿ.
ಆಕಿ ಕೊಟ್ಟ ನೀರಿಗೆ ಅದೇ ಹೋಗಿ ಲೆಕ್ಕ ಹೇಳತಿರಬೇಕು.
ಅದನ್ನ ಕಡೀಬ್ಯಾಡ್ರಿ.

ಹೊಸ ಮನಿ ಮೂರನೇ ಮಾಳಿಗಿ.
ನಲವತ್ತೊಂದು ಮೆಟ್ಟಿಲು,
ಮ್ಯಾಲೆ ಬರೇ ಗಚ್ಚು ಮತ್ತ ಬಿಸಿಲು.
ಎರೆಹುಳ ಅಷ್ಟು ಎತ್ತರ ಯಾವತ್ತೂ ಏರಿರಲಿಕ್ಕಿಲ್ಲ.
ರೋಹಿಣಿ ಹೂಡಾಕ ಇನ್ನೂ ಒಂಬತ್ತು ದಿನ.

ಫಕ್ಕೀರೇಶ ಹಾರ್ನ್ ಹೊಡ್ಯಾಕತ್ತಾನ.
ಬಿಸಿಲಿಗೆ ಚೀಲ ಕಾದರ ಒಳಗಿನವು ಸಾಯ್ತಾವ.
ಬರತೇವ್ರಿ.