ಅರ್ಧ ಇಂಚು

ಸಂತೇಪೇಟೆಯ ನನ್ನ ಫ್ರೇಮಿನಂಗಡಿಗೆ
ಲಾಡ್ಜಿನ ಪಾಲಯ್ಯ ತಂದದ್ದು ಒಂದೇ ಚಿತ್ರ, ಹನ್ನೆರಡು ಪ್ರತಿ.
ರೂಮಿಗೊಂದು.
"ನಮ್ಮ ದುರ್ಗ ಕಣಯ್ಯ. ಯಾವನೋ ಕೌಂಟಂತೆ,
ಕುದುರೆ ಮೇಲೆ ದೇಶ ಸುತ್ತಿ ಬರೆದದ್ದು."
ಕೌಂಟು ಅಂದರೆ ಎಣಿಸುವವನೋ, ಎಂದೆ.
ಅವನು ನಗಲಿಲ್ಲ. ಸೈಜು ಹೇಳಿದ: ಹತ್ತು, ಹದಿನಾಲ್ಕು.

ಎಣಿಸಿದ್ದರೆ ತಪ್ಪಿದ್ದಾನೆ.
ಏಳು ಸುತ್ತು ನಾಲ್ಕಾಗಿವೆ.
ಬಂಡೆಗಳಿಗೆಲ್ಲ ಹಿಮದ ಬೆಟ್ಟದ ಚೂಪು ಮೂಗು,
ಬತೇರಿಯ ನೆತ್ತಿಗೆ ಮೂರು ತೆಂಗಿನಮರ,
ಅಲ್ಲಿಗೆ ನೀರು ಹೊತ್ತವರು ಯಾರೋ.
ಕಲ್ಲ ಮೇಲೆ ಕಲ್ಲು ಕೂತು
ಇಗೋ ಬಿದ್ದೆ ಎನ್ನುತ್ತಲೇ ಬೀಳದ ಆ ಹಟ ಮಾತ್ರ
ಹೇಗೋ ಕೈಗೆ ಸಿಕ್ಕಿದೆ;
ಒಂದು ಗುಂಡಿನ ಅಡಿ ಗೆರೆ ಎರಡು ಸಲ ನಡುಗಿದೆ.

ಗಾಜು ಒರೆಸುತ್ತಿದ್ದ ಖಲಂದರ ಬೆರಳಿಟ್ಟ:
"ಮಾಮ, ಇಲ್ನೋಡು, ಮೂಲೇಲಿ ಯಾರೋ."
ಹೌದು. ಕೆಳಗೆ, ಎಡಕ್ಕೆ, ಅಂಚಿಗಂಟಿ
ಹೆಬ್ಬೆರಳ ಉಗುರಷ್ಟು ಒಬ್ಬ ಮನುಷ್ಯ.
ಬಂಡೆ ಎಷ್ಟೆತ್ತರವೆಂದು ತೋರಿಸಲು
ನಿಲ್ಲು ಎಂದಿರಬೇಕು ದೊರೆ, ದುಭಾಷಿಯ ಬಾಯಲ್ಲಿ.
ಇವನು ಕೂತಿದ್ದಾನೆ.
ಪಾದ ತೊಡೆಗೇರಿಸಿ, ಬಾಗಿ,
ಎರಡು ಬೆರಳು ಕೂಡಿಸಿ ಏನೋ ಕೀಳುತ್ತಿದ್ದಾನೆ.
ಭೂತಗನ್ನಡಿ ಹಿಡಿದೆ. ಮುಳ್ಳು ಕಾಣಲಿಲ್ಲ.
ಕಾರೇಮುಳ್ಳೇ ಇರಬೇಕು. ಇನ್ಯಾವುದು
ದೊರೆಯ ಮಾತು ಮೀರಿಸೀತು?

ಆ ಬೆನ್ನು ನನಗೆ ಗೊತ್ತು.
ಕ್ವಾರಿಯಿಂದ ಬಂದು ಅಪ್ಪ ಜಗಲಿಯ ಮೇಲೆ
ಹೀಗೇ ಕೂತು ಸೂಜಿ ಕೇಳುತ್ತಿದ್ದ.
ದೀಪ ಇನ್ನೊಂಚೂರು ಹತ್ರ ತಾರೋ, ಅನ್ನುತ್ತಿದ್ದ.
ಇವನೇ ನಮ್ಮವನು ಎನ್ನಲಾರೆ,
ಮುಳ್ಳು ಚುಚ್ಚಿದರೆ ಎಲ್ಲರ ಬೆನ್ನೂ ಹಾಗೇ ಬಾಗುತ್ತದೆ.

ಚಿತ್ರದಡಿ ಎರಡು ಸಾಲು, ಯಾವುದೋ ಭಾಷೆ.
ಪಾಲಯ್ಯನ ಮಗಳು ಓದಿ ಹೇಳಿದ್ದಳಂತೆ:
ಊರಿನ ಹೆಸರಿದೆ, ಮುರಿದು.
ದೊರೆಯ ಹೆಸರಿದೆ, ಉದ್ದ ಬಾಲದ ಸಮೇತ.
ಅಷ್ಟೇ.

ಹತ್ತು, ಹದಿನಾಲ್ಕಕ್ಕೆ ಮೌಂಟು ಕೊಯ್ದರೆ
ಹೋಗುವುದು ತೆಂಗಿನಮರವಲ್ಲ, ಇವನು.
ಬ್ಲೇಡು ಇಟ್ಟೆ. ತೆಗೆದೆ.
ಎದುರಂಗಡಿಯಿಂದ ಟೀ ಬಂತು, ಆರಿತು.
ಸ್ಕೇಲು ಅರ್ಧ ಇಂಚು ಎಡಕ್ಕೆ ಸರಿಸಿದೆ,
ಹನ್ನೆರಡು ಸಲ.

ಹೇಳಿದ ಅಳತೆಗೆ ಬಂದಿಲ್ಲವೆಂದು ಪಾಲಯ್ಯ ಗೊಣಗಿ
ಫ್ರೇಮಿಗೆ ಇಪ್ಪತ್ತು ರೂಪಾಯಿ ಹಿಡಿದುಕೊಂಡ.
ಮೊಳೆ ಹೊಡೆಯಲು ಹೋಗಿದ್ದ ಖಲಂದರ ಹೇಳುತ್ತಾನೆ,
ಏಳನೇ ರೂಮಿನಲ್ಲಿ ಜಾಗ ಸಾಲದೆ
ಚಿತ್ರ ಸ್ವಿಚ್ಚಿಗೆ ತಾಗಿಕೊಂಡೇ ಕೂತಿದೆಯಂತೆ.
ರಾತ್ರಿ ಬಂದವರು ತಡಕಾಡಿ ದೀಪ ಹಾಕುವಾಗ
ಕೈ ಅವನ ಪಾದದ ಹತ್ತಿರವೇ ಹೋಗುತ್ತದಂತೆ.