ಮಾರು ಲೆಕ್ಕ

ಬೆಳಗಿನ ನಾಲ್ಕಕ್ಕೆ ಬೈತಖೋಲ ಬಂದರಿನ ಗೇಟಿನೆದುರು
ಉಲ್ಲಾಸ ಬಾನಾವಳಿಕರ ಆಗಲೇ ನಿಂತಿದ್ದ,
ಒಂದು ಕಾಲು ನೆಲಕ್ಕೆ, ಒಂದು ಪೆಡಲಿಗೆ,
ಬಾಯಲ್ಲಿ ಅರ್ಧ ಬಾಳೆಹಣ್ಣು.
‘ಆರು ನಿಮಿಷ ತಡ’ ಅಂದ. ಅದೇ ನಮಸ್ಕಾರ.

ಜನವರಿಗೆ ಹುಬ್ಬಳ್ಳಿಯಲ್ಲಿ ಮುನ್ನೂರು ಕಿಲೋಮೀಟರು,
ಇಪ್ಪತ್ತು ತಾಸಿನ ಗಡುವು.
ಅದಕ್ಕೀಗ ತಾಲೀಮು: ಇಲ್ಲಿಂದ ಶಿರಸಿ,
ಬಸ್ ಸ್ಟ್ಯಾಂಡಿನಲ್ಲಿ ಒಂದು ಚಹಾ, ಮತ್ತೆ ಕಾರವಾರ.
ಹೆಂಡತಿ ಕೇಳಿದ್ದಳು: ಚಹಾ ಇಲ್ಲಿ ಸಿಗೂದಿಲ್ವಾ?

ಸುರಂಗದೊಳಗೆ ಅವನ ಕೆಂಪು ಹಿಂದೀಪವೊಂದೇ ಲೋಕ.
ಮೀನಿನ ಲಾರಿಯೊಂದು ಬಂಗಡೆಯ ನೀರನ್ನು
ನನ್ನ ಮುಖಕ್ಕೆ ಎರಚಿ ಹೋಯಿತು.
ತಿರುಗದೆಯೇ ಕೂಗಿದ:
‘ನಿನ್ನೇದು. ಮಲ್ಪೆಗೆ ಹೊರಟಿದೆ.’
ವಾಸನೆಯಲ್ಲೇ ತಾರೀಕು ಹೇಳುವವ.

ಅಮದಳ್ಳಿ, ಅವರ್ಸಾ, ಬೇಲೆಕೇರಿಯ ತಿರುವು.
ಗಾಳಿ ಎದುರಾದಾಗ ಅವನು ಮುಂದೆ,
ನಾನು ಬೆನ್ನ ಮರೆಯಲ್ಲಿ, ಒಂದು ಗೇಣು ಬಿಟ್ಟು.
ಎರಡು ವರ್ಷದಲ್ಲಿ ನಾನು ಪೂರ್ತಿ ಓದಿದ್ದು ಈ ಬೆನ್ನನ್ನೇ:
ಬೆವರು ಒಣಗಿ ಉಳಿದ ಉಪ್ಪಿನ ಗೆರೆ,
ಹದಿನೆಂಟು ವರ್ಷ ಬಲೆ ಎಳೆದು ತಗ್ಗಿದ ಎಡಭುಜ,
ದಣಿದಾಗ ಬಲಕ್ಕೆ ವಾಲುವ ಕುತ್ತಿಗೆ.
ಅದು ವಾಲಿದರೆ ನಾನು ಮುಂದೆ ಹೋಗಬೇಕು.
ಹಾಗಂತ ಯಾರೂ ಮಾತಾಡಿಕೊಂಡದ್ದಲ್ಲ.

ಅಂಕೋಲೆಯಲ್ಲಿ ಬನ್ಸು, ನೀರು.
ಎಲ್ಲಿಯೂ ಕೂರಕೂಡದು ಎಂಬುದು ಅವನ ಕಾನೂನು;
ನಿಂತೇ ತಿಂದೆವು, ಕುದುರೆಗಳ ಹಾಗೆ.
ಗಂಗಾವಳಿಯ ಸೇತುವೆ ಮೇಲೆ ಬೆಳಕು ಹರಿಯಿತು.
ಹಿರೇಗುತ್ತಿಯಲ್ಲಿ ಹಾಲಿನ ಕ್ಯಾನು ಕಟ್ಟಿದ ಹುಡುಗನೊಬ್ಬ
ಅಪ್ಪನ ಸೈಕಲ್ಲಿನಲ್ಲಿ ನಮ್ಮನ್ನು ಹಿಂದೆ ಹಾಕಿ,
ತಿರುಗಿ ನೋಡಿ ನಕ್ಕು, ಗದ್ದೆದಾರಿಗೆ ಇಳಿದ.
ಇಬ್ಬರೂ ಕಂಡಿಲ್ಲದ ಹಾಗೆ ಇದ್ದೆವು.

ದಿವಗಿಯಲ್ಲಿ ಹೆದ್ದಾರಿ ಬಿಟ್ಟು ಎಡಕ್ಕೆ.
ಕತಗಾಲ ದಾಟಿದ ಮೇಲೆ ಅವನು ಮಾತು ಬಿಟ್ಟ.
ದೇವಿಮನೆ ಘಟ್ಟದ ಅದೆಷ್ಟನೆಯದೋ ತಿರುವಿನಲ್ಲಿ
ಕುತ್ತಿಗೆ ಬಲಕ್ಕೆ ವಾಲಿತು. ನಾನು ಮುಂದೆ ಹೋದೆ.

ಸುಳ್ಳೇಕೆ, ಖುಷಿಯಾಯಿತು.
ಒಮ್ಮೆ ಅವನ ಬೋಟು ಹತ್ತಿ, ಕೂರ್ಮಗಡ ದಾಟುವ ಮೊದಲೇ
ಹೊಟ್ಟೆಯಲ್ಲಿದ್ದದ್ದೆಲ್ಲ ಕಕ್ಕಿದವ ನಾನು, ಅಂಚೆ ಕಚೇರಿಯ ಕ್ಲರ್ಕು.
ಅವನ ಖಲಾಸಿಗಳಿಗೆ ಇಂದಿಗೂ ನಾನು ‘ವಾಂತಿ ಸಾಹೇಬ’.
ಅದಕ್ಕೇ ಎರಡು ತಿರುವು ಹಲ್ಲು ಕಚ್ಚಿ ತುಳಿದೆ.
ಮೂರನೆಯದರಲ್ಲಿ ಕಿವಿ ಕೊಟ್ಟರೆ
ಹಿಂದೆ ಚೈನಿನ ಸದ್ದಿಲ್ಲ.
ಮುಂದೆ ಬೆನ್ನೂ ಇಲ್ಲ, ಬರೀ ರಸ್ತೆ,
ಓದಲಿಕ್ಕೆ ಏನೂ ಇಲ್ಲದ ರಸ್ತೆ.

ಇಳಿದು ಬಂದೆ.
ತಡೆಗೋಡೆಯ ಮೇಲೆ ಕೂತಿದ್ದ, ಕಾನೂನು ಮುರಿದು,
ಬೂಟು ಬಿಚ್ಚಿ, ಕಣಿವೆ ನೋಡುತ್ತ.
‘ಎಷ್ಟು ಎತ್ತರ ಇದ್ದೇವೆ?’
ಫೋನು ನೋಡಿ ಹೇಳಿದೆ: ನಾನೂರ ಮೂವತ್ತು ಮೀಟರು.
ಬೆರಳು ಮಡಚಿ ಲೆಕ್ಕ ಹಾಕಿದ.
‘ಇನ್ನೂರ ಮೂವತ್ತೈದು ಮಾರು.’
ಎರಡೂ ತೋಳು ಚಾಚಿ ಗಾಳಿಯಲ್ಲಿ ಒಂದು ಮಾರು ಅಳೆದ.
‘ನಲವತ್ತು ಮಾರಿಗಿಂತ ಆಳಕ್ಕೆ ನಾನು ಬಲೆ ಬಿಟ್ಟವನಲ್ಲ.
ಇಲ್ಲಿಂದ ಬಿಟ್ಟರೆ ಹಗ್ಗ ಮುಗೀತದೆ,
ತಳ ಸಿಗೂದಿಲ್ಲ.’
ಆಮೇಲೆ ಮೆತ್ತಗೆ: ‘ತಲೆ ತಿರುಗ್ತದೆ ಮಾರಾಯ.’

ಖಲಾಸಿಗಳಿಟ್ಟ ಹೆಸರು ನಾಲಿಗೆಯ ತುದಿಗೆ ಬಂದಿತ್ತು.
ಆ ದಿನ ಬೋಟಿನ ಅಂಚಿನಲ್ಲಿ
ನನ್ನ ಅಂಗಿಯ ಕಾಲರು ಒಂದು ಕೈಯಲ್ಲಿ ಹಿಡಿದು,
ಇನ್ನೊಂದರಲ್ಲಿ ಬೀಡಿ ಸೇದುತ್ತ
ಅವನು ಏನೂ ಅನ್ನದೆ ನಿಂತಿದ್ದ.
ಜೇಬಿನ ಬೆಲ್ಲ ಕೊಟ್ಟೆ. ಪೊಟ್ಟಣದ ಉಪ್ಪು ಕೊಟ್ಟೆ.
ಅವನಿಗೂ ಕಣಿವೆಗೂ ನಡುವೆ ಬಂದು ನಿಂತೆ,
ಬಿಸಿಲಿಗೆ ಅಡ್ಡ ನಿಂತವನ ಹಾಗೆ.

ಉಳಿದ ಘಟ್ಟ ನಡೆದೇ ಹತ್ತಿದೆವು,
ನಾನು ಕಣಿವೆಯ ಬದಿ, ಅವನು ಗುಡ್ಡದ ಬದಿ,
ಬೂಟಿನ ತಳ ಟಾರಿನ ಮೇಲೆ ಟಕ್ ಟಕ್.
ಐವತ್ತೆರಡು ನಿಮಿಷ ನಷ್ಟ. ಚಹಾ ಇನ್ನೂ ಮೂವತ್ತು ಚಿಲ್ಲರೆ ಕಿಲೋಮೀಟರು.
ಪಕ್ಕದಿಂದ ನೋಡಿದರೆ ಅವನ ಮೂಗು ಇಷ್ಟು ಉದ್ದ
ಅಂತ ನನಗೆ ಗೊತ್ತೇ ಇರಲಿಲ್ಲ.

ಕುಮಟೆಯಿಂದ ಬಂದ ಬಸ್ಸು ತಿರುವಿನಲ್ಲಿ ನಿಧಾನವಾಯಿತು.
ಕಿಟಕಿಯಿಂದ ಮುದುಕಿಯೊಬ್ಬಳು ತಲೆ ಹೊರಗೆ ಹಾಕಿ
‘ಪಂಕ್ಚರಾ?’ ಅಂತ ಕೇಳಿದಳು.
‘ಹೌದಮ್ಮ, ಇವನದು’ ಅಂದ ಉಲ್ಲಾಸ,
ನಾನು ಬಾಯಿ ತೆರೆಯುವ ಮೊದಲೇ.