ನಡುಧಾರೆ

ಹಾಸನದ ದೊಡ್ಡಾಸ್ಪತ್ರೆ, ಲ್ಯಾಬಿನ ಕಿಟಕಿ.
ಬಾಟಲಿ ಕೊಡುತ್ತ ದಿನಕ್ಕೆ ನೂರು ಸಲ
ನಾನು ಹೇಳುವ ಮಾತು ಒಂದೇ:
ಮೊದಲಷ್ಟು ಬಿಟ್ಟುಬಿಡಿ,
ನಡುವಿನದು ಹಿಡಿಯಿರಿ.

ಸಣ್ಣತಾಯಮ್ಮ, ಐವತ್ತೆಂಟು.
ಆಲೂಗಡ್ಡೆ ಮಂಡಿಯಲ್ಲಿ ಬಿತ್ತನೆ ಆರಿಸುವವಳು.
ಬಾಟಲಿಯನ್ನು ಸೆರಗಿನೊಳಗೆ
ಕದ್ದ ಮಾಲಿನ ಹಾಗೆ ತಂದಳು.
"ನೋಡಬ್ಯಾಡ ಕಣವ್ವ, ಚೆನ್ನಾಗಿಲ್ಲ."
ನೋಡುವುದಕ್ಕೇ ನನಗೆ ಸಂಬಳ.

ಪುನರ್ಪುಳಿ ಶರಬತ್ತಿನ ಬಣ್ಣ.

ಬೀಟ್‌ರೂಟ್ ತಿಂದಿದ್ರಾ?
"ಅದು ಮದುವೆಮನೆ ಪಲ್ಯ ಅಲ್ವಾ."
ಟೀಬಿ ಮಾತ್ರೆ?
"ಇಲ್ಲ."
ಮುಟ್ಟು?
ನಕ್ಕಳು. "ನಿಂತು ಹತ್ತು ವರ್ಸ.
ಅದೇ ತಿರುಗಿ ಬಂತೇನೋ ಅಂತ
ಹಳೇ ಸೀರೆ ಹರಕಂಡು ಬಟ್ಟೆ ಮಾಡ್ಕಂಡೆ."

ಎರಡು ತಿಂಗಳು ಹಾಗೇ ಕಳೆದಿದ್ದವು.
ಹೆಂಗಸಿನ ರಕ್ತಕ್ಕೆ
ಯಾರೂ ವಿಳಾಸ ಕೇಳುವುದಿಲ್ಲ.
ಪಕ್ಕದ ಮನೆಯವಳು ಉಷ್ಣ ಎಂದಳು,
ಸೊಗದೆ ಬೇರು, ಜೀರಿಗೆ ನೀರು.
ಮೆಡಿಕಲ್ ಶಾಪಿನವನು ಇನ್‌ಫೆಕ್ಷನ್ ಎಂದ,
ಐದು ದಿನದ ಮಾತ್ರೆ.
ನಿಂತಿತು. ನಿಂತದ್ದೇ ಮೋಸ.
ಮತ್ತೆ ಬಂತು. ಮತ್ತೆ ಐದು ದಿನ.

ಕಡ್ಡಿ ಅದ್ದಿ ಗಡಿಯಾರ ನೋಡಿದೆ,
ನಿಮಿಷದೊಳಗೆ ಹಳದಿ ಚೌಕ ಹಸಿರಾಯಿತು.
ಗಾಜಿನ ಮೇಲೆ ಕೆಂಪುಕಣ,
ಎಣಿಸುವುದು ಬಿಟ್ಟು 'ತುಂಬಾ' ಎಂದು ಬರೆದೆ.
ಕೀವುಕಣ ಎರಡೋ ಮೂರೋ. ಹರಳಿಲ್ಲ.
ಕಲ್ಚರ್ ತಟ್ಟೆಯನ್ನು ಎರಡು ದಿನ ಬೆಚ್ಚಗಿಟ್ಟರೂ
ಏನೂ ಮೊಳೆಯಲಿಲ್ಲ.

ಮೂರನೆಯ ದಿನ ರಿಪೋರ್ಟಿಗೆ ಬಂದಾಗ ಕೇಳಿದೆ,
ನೋವಿತ್ತಾ?
"ನೋವಿದ್ದಿದ್ರೆ ಆವತ್ತೇ ಬತ್ತಿರಲಿಲ್ವಾ?"
ಫಾರಂನಲ್ಲಿ ಅದಕ್ಕೆ ಜಾಗವಿಲ್ಲ.
ಅಂಚಿನಲ್ಲಿ ಬರೆದೆ: ನೋವಿಲ್ಲ.
ಎರಡು ಗೆರೆ ಎಳೆದೆ.

ಸೋಂಕೋ, ಕಲ್ಲೋ,
ಮೂತ್ರಪಿಂಡದ ಜರಡಿ ಸವೆದದ್ದೋ, ಮತ್ತೇನೋ,
ಕಾರಣ ಹೇಳುವ ಅಧಿಕಾರ ನನಗಿಲ್ಲ.
ಮಹಡಿಯ ಡಾಕ್ಟರು ಸ್ಕ್ಯಾನ್ ಮಾಡಿಸಿ ಹೇಳಿದರಂತೆ:
ಚೀಲದೊಳಗೆ ಗಡ್ಡೆಯ ಹಾಗೆ ಏನೋ ಕಾಣುತ್ತೆ,
ಕ್ಯಾಮೆರಾ ಬಿಟ್ಟು ನೋಡಬೇಕು, ಚೂರು ತೆಗೆಯಬೇಕು.

ಇಳಿದು ಬಂದು ನನ್ನ ಕಿಟಕಿಗೇ ಒರಗಿದಳು.
"ಮೂವತ್ತು ವರ್ಸ ಅದೇ ಕಸುಬು ನಂದು.
ಚೀಲದ ಬಾಯಿ ಬಿಚ್ಚದೆ
ಗಡ್ಡೆ ಎಂಥದು ಅಂತ ಯಾವನು ಹೇಳ್ತಾನೆ?
ಮೇಲೆ ನೋಡಿದ್ರೆ ಎಲ್ಲಾ ನುಣ್ಣಗೇ.
ಒಂದು ಕುಯ್ದು ನೋಡ್ಬೇಕು."

ಹಿಂದೆ ಸಾಲು ಬೆಳೆಯುತ್ತಿತ್ತು.
ಚೀಟಿಯಲ್ಲಿ ಗುರುವಾರ ಎಂದಿತ್ತು.
ಅದನ್ನು ಮಡಚಿದಳು, ಬಿಚ್ಚಿದಳು, ಮಡಚಿದಳು.
"ಗುರುವಾರ ಪಂಜಾಬಿನ ಲೋಡು ಬತ್ತದೆ ಕಣವ್ವ.
ಮುಂದಿನ ತಿಂಗಳು ಮಾಡಾಕಾಗಲ್ವಾ?"

ಅಧಿಕಾರವಿಲ್ಲದ ನಾನು
ಆಗಲ್ಲ ಎಂದೆ.